ಬಿದ್ದ ಕ್ರೇನಿಗೆ ಮೊದಲ ಸೀಳು
(ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ಶರಣು. ಸಮುದ್ರವಿಲ್ಲದ ಊರಿನಲ್ಲಿ ಬಂದರಿನ ಮಾತು ಯಾಕೆ ಅನ್ನಬೇಡಿ. ಹಂಗಾಮಿನಲ್ಲಿ ಮುಧೋಳ ರಸ್ತೆಯ ಮೇಲೆ ಕಬ್ಬಿನ ಟ್ರಾಲಿ ಮಗುಚಿದ್ದನ್ನು ನೀವೆಲ್ಲ ಕಂಡವರೇ. ಹಿಂದೆ ಗಾಡಿಗಳ ಸಾಲು, ಹಾರ್ನಿನ ಗದ್ದಲ. ಯಾರೋ ಟ್ರ್ಯಾಕ್ಟರಿಗೆ ಚೈನು ಬಿಗಿದು ‘ಎಳೀರಿ’ ಅನ್ನುತ್ತಾರೆ. ನಾನು ಹುಡುಗನಿದ್ದಾಗ ಹಾಗೆ ಎಳೆದ ಚೈನು ಕಡಿದು ನಮ್ಮ ಸೋದರಮಾವನ ಮೊಣಕಾಲಿಗೆ ಬಡಿಯಿತು. ಅವರು ಮತ್ತೆ ಕುಂಟೆ ಹೊಡೆಯಲಿಲ್ಲ. ಟ್ರಾಲಿ ಬಿದ್ದಾಗ ಯಾರಿಗೂ ಏನೂ ಆಗಿರಲಿಲ್ಲ, ಪೆಟ್ಟಾದದ್ದು ಎತ್ತುವಾಗ.

ಬಂದರಿನಲ್ಲಿ ಗಾಳಿಗೆ ಬಿದ್ದ ಕ್ರೇನುಗಳನ್ನು ಕಡಿದು ಎತ್ತುವಾಗಲೂ ನನಗೆ ಅದೇ ಭಯ. 1998ರ ಜೂನ್ 9ರ ಚಂಡಮಾರುತ ಗುಜರಾತಿನ ಕಾಂಡ್ಲಾ ಬಂದರನ್ನು ಜರ್ಜರಿತ ಮಾಡಿತು. 2003ರ ಸೆಪ್ಟೆಂಬರ್ 12ರಂದು ‘ಮೇಮಿ’ ಎಂಬ ಚಂಡಮಾರುತ ದಕ್ಷಿಣ ಕೊರಿಯಾದ ಬುಸಾನ್ ಬಂದರಿನಲ್ಲಿ 11 ಕಂಟೇನರ್ ಕ್ರೇನುಗಳನ್ನು ಹಾಳುಗೆಡವಿತು. ಗಾಳಿಯ ವೇಗ ಮೂರು ಪಟ್ಟಾದರೆ ಅದರ ಒತ್ತಡ ಒಂಬತ್ತು ಪಟ್ಟು. ಮುಂಚೆಯೇ ಪಿನ್ ಹಾಕಿ ನೆಲಕ್ಕೆ ಬಿಗಿಯದಿದ್ದರೆ ಕ್ರೇನು ಹಳಿಯ ಮೇಲೆ ತಾನೇ ಓಡಿ ಪಕ್ಕದ ಕ್ರೇನಿಗೆ ಗುದ್ದುತ್ತದೆ.

ಮರುದಿನದಿಂದಲೇ ಒತ್ತಾಯ ಶುರು. ಹಡಗುಗಳು ಹೊರಗೆ ಕಾಯುತ್ತಿರುತ್ತವೆ, ಕ್ರೇನಿನ ತೋಳು ನೀರಿಗೆ ಬಿದ್ದು ದಾರಿ ಕಟ್ಟಿರುತ್ತದೆ. ಆದರೂ ಮೊದಲು ಕರೆಂಟ್ ಕಡಿಸಬೇಕು, ಡೀಸೆಲ್, ಗೇರ್ ಆಯಿಲ್ ಇಳಿಸಬೇಕು, ಹೈಡ್ರಾಲಿಕ್ ಒತ್ತಡ ಬಿಡಬೇಕು. ಮುಳುಗುಗಾರರು ಕೆಳಗಿಳಿದು ಅಳತೆ ತರಬೇಕು. ಅಲ್ಲಿಯವರೆಗೆ ಗ್ಯಾಸ್ ಕಟರ್ ಹಚ್ಚುವಂತಿಲ್ಲ.

ಯಾಕೆಂದರೆ ಬಿದ್ದ ಕ್ರೇನು ಹೆದೆ ಏರಿಸಿದ ಬಿಲ್ಲಿನಂತೆ. ಬಾಗಿದ ಒಂದೊಂದು ತೊಲೆಯಲ್ಲೂ ಬಲ ಅಡಗಿರುತ್ತದೆ, ಎಲ್ಲಿ ಎಷ್ಟು ಎಂಬುದನ್ನು ನಕ್ಷೆ ಹೇಳುವುದಿಲ್ಲ. ಅದಕ್ಕೇ ಬಳಪದಿಂದ ಗುರುತು ಹಾಕಿ ಒಂದು ಗೇಣು ಮಾತ್ರ ಸೀಳಿ ನಿಲ್ಲಿಸುತ್ತೇವೆ. ಸೀಳು ಅಗಲವಾದರೆ ಅಲ್ಲಿ ಎಳೆತವಿದೆ, ಮುಚ್ಚಿಕೊಂಡರೆ ಒತ್ತು.

ಎತ್ತುವ ಕೊಕ್ಕೆಯ ಲೆಕ್ಕವೂ ಸೂಕ್ಷ್ಮ. ತುಂಡಿನ ತೂಕ 40 ಟನ್ ಅಂದುಕೊಳ್ಳಿ. ಕೊಕ್ಕೆ ಅದಕ್ಕಿಂತ ಹೆಚ್ಚು ಜಗ್ಗಿದ್ದರೆ, ಕೊನೆಯ ಎಳೆ ಕಡಿದ ಕ್ಷಣ ತುಂಡು ಮೇಲಕ್ಕೆ ಚಿಮ್ಮುತ್ತದೆ. ಕಡಿಮೆಯಿದ್ದರೆ ಧಡಕ್ಕನೆ ಕುಸಿದು ಎತ್ತುವ ಕ್ರೇನನ್ನೇ ಅಲುಗಿಸುತ್ತದೆ. ತಳದ ಕೆಸರು ಬೇರೆ ಹಿಡಿದಿರುತ್ತದೆ. ಮಳೆಗಾಲದಲ್ಲಿ ಎರೆಹೊಲ ತುಳಿದವರಿಗೆ ಆ ಹಿಡಿತ ಗೊತ್ತು, ಕಾಲು ಬರುತ್ತದೆ, ಚಪ್ಪಲಿ ಬರುವುದಿಲ್ಲ. ಅಲ್ಲಿ ಜೋರು ನೀರು ಹಾಯಿಸಿ ಕೆಸರು ಸಡಿಲಿಸಬೇಕೇ ಹೊರತು ಬಲ ಹೆಚ್ಚಿಸಬಾರದು.

ಒಂದು ಬಂದರಿನಲ್ಲಿ ನಮ್ಮ ಜೊತೆ ಬಸವನ ಬಾಗೇವಾಡಿ ಕಡೆಯ, ಗ್ಯಾಸ್ ಕಟರ್ ಹಿಡಿಯುವ ಒಬ್ಬ ಕೆಲಸಗಾರ ಇದ್ದ. ಸಂಜೆಯೊಳಗೆ ತೋಳು ತೆಗೆಯಲೇಬೇಕೆಂದು ಅಧಿಕಾರಿಗಳು ಮೇಲಿಂದ ಮೇಲೆ ಫೋನು ಮಾಡುತ್ತಿದ್ದರು. ಅವನು ಜ್ವಾಲೆ ಆರಿಸಿ, ಕನ್ನಡಕ ಹಣೆಗೇರಿಸಿ, ಸೀಳಿಗೆ ಬ್ಯಾಟರಿ ಬಿಟ್ಟು ನೋಡಿದ. “ಸರ, ಬಾಯಿ ಬಿಡಾಕತ್ತೈತ್ರಿ” ಅಂದ. ಬಳಪ ಹಚ್ಚಿದಷ್ಟು ದಪ್ಪವಿದ್ದ ಗೆರೆಯಲ್ಲಿ ಈಗ ಬೆರಳು ಹೋಗುತ್ತಿತ್ತು. ಎಲ್ಲರನ್ನೂ ಕೆಳಗಿಳಿಸಿದೆ. ಎರಡೂ ಬದಿಗೆ ಪ್ಲೇಟು ಬೆಸೆದು ಹಿಡಿಸಲು ರಾತ್ರಿಯೆಲ್ಲ ಹಿಡಿಯಿತು, ಬೈಗುಳ ತಿಂದದ್ದೂ ಆಯಿತು. ಬೆಳಿಗ್ಗೆ ಆ ತುಂಡು ಒಂದಿಷ್ಟೂ ಕೊಸರಾಡದೆ ಮೇಲೆದ್ದು ಬಂತು.

ಆ ಸೀಳಿನ ಫೋಟೋ ಈಗ ಪರದೆಯ ಮೇಲಿದೆ. ಹಿಂದಿನ ಸಾಲಿನವರು ಮುಂದೆ ಬನ್ನಿ, ಅಂಚು ಎಲ್ಲಿ ಸುಲಿದಿದೆ ಎಂದು ಹತ್ತಿರದಿಂದ ನೋಡಿ ಹೇಳಿ.