ಹಳೇ ಸೀರಿಯಲ್ ಪೋಸ್ಟರ್: ಬಿಡಿಸಲು ಬಾರದ ಅಂಟು ಬೇಡ

ಕೇಳುಗರಿಗೆ ನಮಸ್ಕಾರ.

ಸೀರಿಯಲ್ ಎಂದೊಡನೆ ಸಂಜೆ ಟಿ.ವಿ.ಯ ಧಾರಾವಾಹಿ ನೆನಪಾಗುತ್ತದೆ. ಇವತ್ತಿನ ಮಾತು ಅದಕ್ಕಿಂತ ಹಳೆಯ, ಅಮೆರಿಕದ ಥಿಯೇಟರುಗಳಲ್ಲಿ ನಡೆಯುತ್ತಿದ್ದ ಸೀರಿಯಲ್‌ಗಳದ್ದು. ವಾರಕ್ಕೊಂದು ಕಂತು. ಕಂತು ಮುಗಿಯುವಾಗ ನಾಯಕನ ಕಾರು ಪ್ರಪಾತಕ್ಕೆ ಬೀಳುತ್ತಿರುತ್ತದೆ. ಬದುಕಿದನೋ ಇಲ್ಲವೋ ತಿಳಿಯಬೇಕಾದರೆ ಮುಂದಿನ ಶನಿವಾರ ಮತ್ತೆ ಟಿಕೆಟ್ ತೆಗೆದುಕೊಳ್ಳಬೇಕು. 1936ರ ಫ್ಲ್ಯಾಶ್ ಗಾರ್ಡನ್‌ಗೆ 13 ಕಂತು, 1941ರ ಕ್ಯಾಪ್ಟನ್ ಮಾರ್ವೆಲ್‌ಗೆ 12, 1943ರ ಬ್ಯಾಟ್‌ಮನ್‌ಗೆ 15. 1956ಕ್ಕೆ ಈ ಬಗೆಯ ಚಿತ್ರಗಳು ನಿಂತೇಹೋದವು.

ಕಂತು ಬದಲಾದಾಗ ಪೋಸ್ಟರೂ ಬದಲಾಗುತ್ತಿತ್ತು. ಸಾಮಾನ್ಯವಾಗಿ ಸುತ್ತಲಿನ ಬಣ್ಣದ ಚಿತ್ರ ಅದೇ ಇರುತ್ತದೆ. ನಡುವಿನ ಫೋಟೊ, ಕಂತಿನ ಸಂಖ್ಯೆ, ಹೆಸರು ಮಾತ್ರ ಬೇರೆ. ಇವತ್ತು ಈ ಪೋಸ್ಟರುಗಳನ್ನು ಸಂಗ್ರಹಿಸುವವರಲ್ಲಿ ಮೊದಲ ಕಂತಿನದಕ್ಕೆ ಬೇಡಿಕೆ ಜಾಸ್ತಿ. ಹೊಸಬರು 7ನೆಯದನ್ನೋ 9ನೆಯದನ್ನೋ ಕೊಳ್ಳಿ, ಕಡಿಮೆ ಬೆಲೆಗೆ ಅದೇ ಚಿತ್ರಕಲೆ ಸಿಗುತ್ತದೆ.

ಕೊಂಡ ಮೇಲೆ ಏನು ಮಾಡಬೇಕು? ಇವತ್ತು ಒಂದೇ ಒಂದು ಮಾತು ಹೇಳುತ್ತೇನೆ. ಮುಂದೆ ಬಿಡಿಸಲು ಬಾರದ ಯಾವುದನ್ನೂ ಪೋಸ್ಟರಿಗೆ ಅಂಟಿಸಬೇಡಿ.

ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಪೆನ್ಸಿಲ್ವೇನಿಯಾದ ಬರ್ವಿಕ್ ಎಂಬ ಊರಲ್ಲಿ ಒಂದು ಮನೆಯ ಅಟ್ಟದ ಮೇಲೆ ದಪ್ಪ ರಟ್ಟಿನಂಥ ಒಂದು ಕಟ್ಟು ಸಿಕ್ಕಿತು. ನೋಡಿದರೆ 1930, 31ರ ಸಿನಿಮಾ ಪೋಸ್ಟರುಗಳು, ಒಂದರ ಮೇಲೊಂದು ಅಂಟಿಕೊಂಡಿವೆ! ಆಗಿನ ಥಿಯೇಟರಿನವರು ಹಳೇ ಪೋಸ್ಟರ್ ಕಿತ್ತುಹಾಕುವ ಗೋಜಿಗೇ ಹೋಗದೆ ಅದರ ಮೇಲೇ ಮುಂದಿನ ಚಿತ್ರದ್ದನ್ನು ಹಚ್ಚುವುದಿತ್ತು. ಹರಾಜಿನಲ್ಲಿ ಆ ಕಟ್ಟು ಸುಮಾರು 30,000 ಡಾಲರಿಗೆ ಹೋಯಿತು. ಆಮೇಲೆ ಅದಕ್ಕೆ ನಿಧಾನವಾಗಿ ಹಬೆ ಕೊಟ್ಟು, ಪದರ ಪದರವಾಗಿ ಬಿಡಿಸಿದರು. 33 ಪೋಸ್ಟರುಗಳು ಹೊರಬಂದವು. 2012ರಲ್ಲಿ ಡಲ್ಲಾಸಿನ ಹರಾಜಿನಲ್ಲಿ ಎಲ್ಲ ಸೇರಿ 5,00,000 ಡಾಲರಿಗೂ ಮೇಲೆ ಬಂತು. ಡ್ರಾಕುಲಾದ ಒಂದು ಪೋಸ್ಟರಿಗೇ 1,00,000 ದಾಟಿತು.

ಎಂಬತ್ತು ವರ್ಷ ಅಂಟಿಕೊಂಡಿದ್ದ ಕಾಗದ ಬಿಟ್ಟುಕೊಂಡಿತು ಅಂದರೆ ಅದಕ್ಕೆ ಕಾರಣ ಅಂಟು. ವಾಲ್‌ಪೇಪರ್ ಹಚ್ಚುವ ಅಂಟು ಅದು, ತೇವ ಮತ್ತು ಶಾಖ ತಾಗಿದರೆ ಮೆತ್ತಗಾಗುತ್ತದೆ. ನಮ್ಮಲ್ಲಿ ಗೋಡೆಗೆ ಪೋಸ್ಟರ್ ಹಚ್ಚಲು ಕಾಯಿಸುವ ಮೈದಾ ಅಂಟಿನ ಗುಣವೂ ಇದೇ. ಆಗಿನ ಪೋಸ್ಟರುಗಳನ್ನು ಅಚ್ಚು ಹಾಕುತ್ತಿದ್ದ ಲಿಥೋ ಮುದ್ರಣದ ಶಾಯಿ ಎಣ್ಣೆಯದು, ಹಾಗಾಗಿ ಹಬೆಗೆ ಅದು ಸುಲಭವಾಗಿ ಕದಡುವುದಿಲ್ಲ. ಅದೇ ಕಟ್ಟಿಗೆ ಯಾರಾದರೂ ಸೆಲ್ಲೋಟೇಪ್ ಹಾಕಿದ್ದರೆ? ಟೇಪಿನ ಅಂಟು ಕಾಗದದ ನಾರಿನೊಳಗೆ ಇಳಿಯುತ್ತದೆ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಒಣಗಿ ಉದುರುತ್ತದೆ, ಕಂದು ಕಲೆ ಉಳಿಯುತ್ತದೆ. ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು, ಕರಗಿದ ಪ್ಲಾಸ್ಟಿಕ್ ಕಾಗದದಲ್ಲೇ ಸೇರಿಕೊಳ್ಳುತ್ತದೆ. "ಭದ್ರವಾಗಿರಲಿ ಅಂತ ಲ್ಯಾಮಿನೇಶನ್ ಮಾಡಿಸಿದೆ" ಎನ್ನುವವರಿಗೆ ಉತ್ತರ ಕೊಡುವುದು ಕಷ್ಟ. ದಯವಿಟ್ಟು ಮಾಡಿಸಬೇಡಿ.

ಮಡಿಕೆಯಲ್ಲಿ ಹರಿದಿದ್ದರೆ ತೆಳ್ಳಗಿನ ಜಪಾನಿ ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಿಂಬದಿಗೆ ಮಾತ್ರ ಹಚ್ಚಬೇಕು. ಪೂರಾ ಜೀರ್ಣವಾಗಿದ್ದರೆ ಲಿನನ್ ಬ್ಯಾಕಿಂಗ್ ಮಾಡಿಸಿ. ಚೌಕಟ್ಟಿಗೆ ಬಿಗಿದ ಹತ್ತಿ ಕ್ಯಾನ್ವಾಸು, ಅದರ ಮೇಲೆ ಆಮ್ಲವಿಲ್ಲದ ಕಾಗದ, ಅದರ ಮೇಲೆ ಪೋಸ್ಟರು. ಅಲ್ಲೂ ಪಿಷ್ಟದ ಅಂಟೇ. ಯಾವ ಅಂಟು ಹಾಕುತ್ತೀರಿ ಎಂದು ಮೊದಲು ಕೇಳಿ. ನೀರಿಗೆ ಬಿಡುವುದಿಲ್ಲ ಎಂದರೆ ಪೋಸ್ಟರ್ ತೆಗೆದುಕೊಂಡು ಮನೆಗೆ ಬನ್ನಿ. ಮಡಿಕೆಗೆ ಹೆದರಬೇಡಿ, ಆ ಕಾಲದ ದೊಡ್ಡ ಪೋಸ್ಟರುಗಳು ಮಡಿಸಿಯೇ ಥಿಯೇಟರಿಗೆ ಬರುತ್ತಿದ್ದವು.

ಬರ್ವಿಕ್ ಕಥೆಗೆ ಸಮಯ ಹೆಚ್ಚೇ ಹೋಯಿತು. ಅಸಲಿ ನಕಲಿಯ ವಿಷಯ ಬೇಗ ಮುಗಿಸುತ್ತೇನೆ. ಒನ್ ಶೀಟ್, ಅಂದರೆ ಥಿಯೇಟರಿನ ಸಾಮಾನ್ಯ ಗಾತ್ರದ ಪೋಸ್ಟರು, ಆ ಕಾಲದಲ್ಲಿ ಅದರ ಅಳತೆ 27 ಇಂಚು ಅಗಲ, 41 ಇಂಚು ಉದ್ದ. 24ಕ್ಕೆ 36 ಇದ್ದರೆ ಅದು ಮರುಮುದ್ರಣ. ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ ಇಟ್ಟು ದಪ್ಪ ಅಕ್ಷರಗಳನ್ನು ನೋಡಿ. ನಡುವಿನ ಫೋಟೊದಲ್ಲಿ ಅಚ್ಚಿನ ಸಣ್ಣ ಚುಕ್ಕಿ ಇರಬಹುದು, ಅಕ್ಷರದೊಳಗೂ ಚುಕ್ಕಿ ತುಂಬಿದ್ದರೆ ಅದು ಪೋಸ್ಟರಿನ ಫೋಟೊ ತೆಗೆದು ಅಚ್ಚು ಹಾಕಿದ್ದು. ನೇರಳಾತೀತ ದೀಪಕ್ಕೆ ಹಾಳೆ ನೀಲಿಬಿಳುಪಾಗಿ ಹೊಳೆದರೆ ಹೊಸ ಕಾಗದವೆಂದು ಅನುಮಾನಿಸಿ. 1940ರ ದಶಕದ ಬಹಳಷ್ಟು ಪೋಸ್ಟರುಗಳ ಕೆಳಗಿನ ಅಂಚಿನಲ್ಲಿ ಒಂದು ಸಂಖ್ಯೆ ಇರುತ್ತದೆ. 48, ಓರೆಗೆರೆ, ಮುಂದೆ ಅಂಕಿಗಳು ಎಂದಿದ್ದರೆ 1948ರದ್ದು. ಆ ಸಂಖ್ಯೆಗೂ ಮೊದಲು ಇಂಗ್ಲಿಷಿನ ಆರ್ ಅಕ್ಷರವಿದ್ದರೆ ಮರುಬಿಡುಗಡೆಯದು. ಅದೂ ಅಸಲಿಯೇ, ಆದರೆ ಮೊದಲ ಬಿಡುಗಡೆಯ ಬೆಲೆ ಕೊಡಬೇಡಿ. ಆ ಸಂಖ್ಯೆ ಬಿಳಿ ಅಂಚಿನಲ್ಲೇ ಇರುವುದರಿಂದ, ಫ್ರೇಮಿಗೆ ಹೊಂದಲೆಂದು ಅಂಚು ಕತ್ತರಿಸಿದ ಪೋಸ್ಟರ್ ಕೊಳ್ಳಲೇಬೇಡಿ.

ಫ್ರೇಮಿನ ಗಾಜು ಪೋಸ್ಟರಿಗೆ ತಾಗಬಾರದು, ನಡುವೆ ಮೌಂಟ್ ಬೋರ್ಡಿನ ಅಂತರ ಕೊಡಿಸಿ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಹೊರಗೋಡೆಗೆ ತೂಗುಹಾಕಬೇಡಿ, ಫ್ರೇಮಿನ ಹಿಂದೆ ಬೂಸಲು ಹಿಡಿಯುತ್ತದೆ. ಲಾಬಿ ಕಾರ್ಡುಗಳ ಬಗ್ಗೆ ಹೇಳಲು ಸಮಯವಿಲ್ಲ. ಅವು ಥಿಯೇಟರಿನ ಒಳಗೆ ಹಾಕುತ್ತಿದ್ದ 11ಕ್ಕೆ 14 ಇಂಚಿನ ದಪ್ಪ ಕಾರ್ಡುಗಳು, ಪಾಲಿಯೆಸ್ಟರ್ ಕವರಿನಲ್ಲಿಡಿ, ಪಿ.ವಿ.ಸಿ. ಕವರ್ ಬೇಡ.

ನಮಸ್ಕಾರ.