ಸಿಗರೇಟು ಬಿಟ್ಟವರಿಗೆ ಕೂಪನ್ ಕೊಟ್ಟರೆ ತಪ್ಪೇನು?

ಮನಸ್ಸು ಗಟ್ಟಿ ಮಾಡಿದರೆ ಸಿಗರೇಟು ಬಿಡುವುದೇನು ಮಹಾ ಎನ್ನುವವರಿಗೆ ಒಂದು ಅಂಕಿಯನ್ನು ನೆನಪಿಸಬೇಕು. ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳು, ವರ್ಷ ಕಳೆದರೂ ಮತ್ತೆ ಮುಟ್ಟದೆ ಉಳಿಯುವವರು ನೂರಕ್ಕೆ 3ರಿಂದ 5 ಮಂದಿ ಮಾತ್ರ. ಉಳಿದವರೆಲ್ಲ ದುರ್ಬಲ ಮನಸ್ಸಿನವರೆಂದು ನಾನು ಒಪ್ಪುವುದಿಲ್ಲ. ಅವರಿಗೆ ಸಿಕ್ಕಿದ ಸಲಹೆಯೇ ಅವರ ಬದುಕಿಗೆ ಹೊಂದುವಂಥದ್ದಾಗಿರಲಿಲ್ಲ ಎಂಬುದು ನನ್ನ ವಾದ.

ರಾತ್ರಿ ಪಾಳಿಯ ಕಾವಲುಗಾರ ಸೇದುವುದು ನಿದ್ದೆ ತಡೆಯಲು. ಗಂಡ ಎದುರಿಗೇ ಕುಳಿತು ಸೇದುವ ಮನೆಯಲ್ಲಿ ಗರ್ಭಿಣಿಯೊಬ್ಬಳು ಬಿಡಲು ಹೆಣಗುವುದು ಬೇರೆಯೇ ಕಥೆ. ಆದ್ದರಿಂದಲೇ ಅಭ್ಯಾಸವನ್ನು ಬದಲಿಸಿಕೊಳ್ಳಲು ಕಲಿಸುವ ವರ್ತನಾ ಚಿಕಿತ್ಸೆ ಉಪದೇಶದಿಂದ ಶುರುವಾಗುವುದಿಲ್ಲ. ಯಾವಾಗ, ಎಲ್ಲಿ, ಯಾರ ಜೊತೆ, ಯಾವ ಮನಃಸ್ಥಿತಿಯಲ್ಲಿ ಕೈ ಪ್ಯಾಕಿಗೆ ಹೋಯಿತು ಎಂದು ಮೊದಲು ಬರೆದಿಡಲು ಹೇಳುತ್ತಾರೆ. ಸೇದಲೇಬೇಕೆಂಬ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಲ್ಲಿ ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು, ಅಷ್ಟೆ.

ಈಗ ಕೂಪನ್ ವಿಷಯ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಸೇದುವ ಚಟವಿದ್ದ ಸುಮಾರು 600 ಗರ್ಭಿಣಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಮಂದಿಗೆ ಎಂದಿನ ನೆರವಿನ ಜೊತೆಗೆ, ಬಿಟ್ಟರೆ ಒಟ್ಟು 400 ಪೌಂಡ್‌ವರೆಗಿನ ಖರೀದಿ ಕೂಪನ್ ಕೊಡುವುದಾಗಿ ಹೇಳಲಾಯಿತು. ಹೆರಿಗೆ ಹತ್ತಿರವಾಗುವ ಹೊತ್ತಿಗೆ ಆ ಗುಂಪಿನಲ್ಲಿ ಶೇ. 22.5 ಮಂದಿ ಬಿಟ್ಟಿದ್ದರು, ಇನ್ನೊಂದರಲ್ಲಿ ಶೇ. 8.6. ಬಾಯಿಮಾತನ್ನೇ ನಂಬಿ ಎಣಿಸಿದ್ದಲ್ಲ ಇದು. ಊದಿದ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಂಗೈಯಗಲದ ಯಂತ್ರ ಅಂಕಿಯಾಗಿ ತೋರಿಸುತ್ತದೆ. ಆದರೆ ಆ ಅನಿಲ ಒಂದೆರಡು ದಿನದಲ್ಲಿ ಮೈಯಿಂದ ಹೊರಹೋಗುವುದರಿಂದ, ಎಂಜಲು ಇಲ್ಲವೇ ಮೂತ್ರದಲ್ಲಿ ನಿಕೋಟಿನ್‌ನ ಕುರುಹನ್ನೂ ಹುಡುಕಿದ್ದರು. ಇದು ಲಂಚವಲ್ಲವೇ ಎಂದು ಮೂಗು ಮುರಿಯುವವರಿದ್ದಾರೆ. ಸಿಗರೇಟಿನ ಸುಖ ಕೈಗೆ ತಕ್ಷಣ ಸಿಗುತ್ತದೆ, ಬಿಟ್ಟುದರ ಫಲ ವರ್ಷಗಳಾಚೆ ಎಲ್ಲೋ ಇರುತ್ತದೆ. ಕೂಪನ್ ಆ ಫಲದಲ್ಲಿ ಒಂದು ಪಾಲನ್ನು ಈ ವಾರಕ್ಕೆ ಎಳೆದು ತರುತ್ತದೆ. ಕೈಯಲ್ಲಿ ಕಾಸಿಲ್ಲದವರಿಗೆ ಅದು ಸಣ್ಣ ಮಾತಲ್ಲ.

ಮಾನಸಿಕ ಕಾಯಿಲೆ ಇರುವವರ ಮಟ್ಟಿಗಂತೂ, ಪಾಪ, ಅದೊಂದು ಸಮಾಧಾನವಾದರೂ ಇರಲಿ ಎಂದು ಚಿಕಿತ್ಸೆ ಕೊಡುವವರೇ ಕೈಬಿಡುವುದುಂಟು. ಈ ಕರುಣೆ ನನಗೆ ಉದಾಸೀನದಂತೆಯೇ ಕಾಣುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2014ರ ವಿಶ್ಲೇಷಣೆಯಲ್ಲಿ, ಮುಂದುವರಿಸಿದವರಿಗಿಂತ ಬಿಟ್ಟವರಲ್ಲೇ ಆತಂಕವೂ ಖಿನ್ನತೆಯೂ ತಗ್ಗಿದ್ದವು. ಎಚ್ಚರ ಬೇಕಾದದ್ದು ಬೇರೆ ಕಡೆ: ಹೊಗೆಯಲ್ಲಿನ ರಾಸಾಯನಿಕಗಳಿಂದಾಗಿ ಯಕೃತ್ತು, ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್‌ನಂಥ ಔಷಧವನ್ನು ಬೇಗ ಕರಗಿಸುತ್ತದೆ, ಹೊಗೆ ನಿಂತರೆ ಅದೇ ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರುತ್ತದೆ. ಹೀಗಾಗಿ ಬಿಡುವ ದಿನವನ್ನು ಗೊತ್ತುಮಾಡುವಾಗ ಆ ಔಷಧ ಬರೆದುಕೊಡುವ ವೈದ್ಯರೂ ಜೊತೆಗಿರಬೇಕು.