ಬಲೆಗೆ ಬಿದ್ದ ಊಜಿ ಯಾವುದು?

ಈ ಬಿಳಿ ತಟ್ಟೆಯಲ್ಲಿರುವುದು ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ಬಲೆಯಿಂದ ಸುರಿದ ಊಜಿ, ಅಂದರೆ ಹಣ್ಣು ನೊಣಗಳು. ಎಲ್ಲಾ ಗಂಡೇ. ಬಲೆಯೊಳಗಿನ ಮರದ ತುಂಡಿಗೆ ಮೀಥೈಲ್ ಯೂಜಿನಾಲ್ ಹಾಕಿರುತ್ತಾರೆ. ಆ ವಾಸನೆಗೆ ಓಡಿ ಬರುವುದು ಗಂಡು. ಕಾಯಿ ಚುಚ್ಚಿ ಮೊಟ್ಟೆ ಇಡುವ ಹೆಣ್ಣು ಮಾತ್ರ ಹೊರಗೆ ಆರಾಮಾಗಿರುತ್ತದೆ!

ಮೈಬಣ್ಣ ನೋಡಿ ಹೆಸರು ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸತ್ತು ಬಲೆಯಲ್ಲೇ ಬಿದ್ದಿದ್ದ ನೊಣ ಕಪ್ಪಾಗಿಬಿಡುತ್ತದೆ. ಮೊದಲು ರೆಕ್ಕೆ ನೋಡಿ. ಒಂದು ಭೂತಗನ್ನಡಿ ಇದ್ದರೆ ಸಾಕು.

ಇದನ್ನು ನೋಡಿ. ರೆಕ್ಕೆಯ ಮುಂದಿನ ಅಂಚಿನಲ್ಲಿ ತುದಿಯವರೆಗೂ ತೆಳ್ಳನೆಯ ಕಂದು ಗೆರೆ ಇದೆ, ಅಲ್ವಾ? ಹೊಟ್ಟೆಯ ಮೇಲೆ ಟಿ ಅಕ್ಷರದ ಕಪ್ಪು ಗುರುತು. ಇದು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಮಾವು ಬೆಳೆಯುವವರ ನಿದ್ದೆ ಕೆಡಿಸುವುದು ಇದೇ.

ಈಗ ಇನ್ನೊಂದು. ಗೆರೆ ನಡುವೆ ಕಡಿದುಹೋಗಿದೆ, ರೆಕ್ಕೆಯ ತುದಿಯಲ್ಲಿ ಒಂದು ಚುಕ್ಕೆ ಅಷ್ಟೇ. ತಲೆ ಕೆಡುವುದು ಇಲ್ಲೇ. ಬ್ಯಾಕ್ಟ್ರೋಸೆರಾದಲ್ಲೇ ಜೊನಾಟಾ, ಕರೆಕ್ಟಾ ಅಂತ ಇನ್ನೆರಡು ಜಾತಿ, ಎರಡರ ರೆಕ್ಕೆಯೂ ಹೀಗೇ ಇರುತ್ತದೆ. ಸೂಜಿಯಿಂದ ಮೆಲ್ಲಗೆ ಮುಖ ತಿರುಗಿಸಿ. ಎರಡು ಕಪ್ಪು ಚುಕ್ಕೆ ಬೇರೆ ಬೇರೆ ಕಂಡರೆ ಜೊನಾಟಾ. ಕಾಡಿಗೆಯಲ್ಲಿ ಮೀಸೆ ಎಳೆದ ಹಾಗೆ ಅವು ಅಡ್ಡಕ್ಕೆ ಕೂಡಿಕೊಂಡಿದ್ದರೆ ಕರೆಕ್ಟಾ. ಮುಖ ಉಜ್ಜಿಹೋಗಿದ್ದರೆ ಸುಮ್ನೆ ಊಹೆ ಮಾಡಬೇಡಿ, ಪಕ್ಕಕ್ಕಿಡಿ.

ಈ ಡಬ್ಬಿಯದು ಹಾಗಲಕಾಯಿ ಹೊಲದ ನೊಣ. ಅಲ್ಲಿ ಇಡುವ ಮದ್ದೇ ಬೇರೆ, ಕ್ಯೂ ಲ್ಯೂರ್. ಬೆನ್ನಿನ ಮೇಲೆ ಮೂರು ಹಳದಿ ಗೆರೆ, ರೆಕ್ಕೆಯೊಳಗೆ ಅಡ್ಡ ನರದ ಉದ್ದಕ್ಕೂ ಕಂದು ಮಸುಕು. ಜ್ಯೂಗೋಡಾಕಸ್ ಕುಕರ್ಬಿಟೇ. ಹೀರೆ, ಸೌತೆಗೂ ಇದರದೇ ಕಾಟ. ಮಾವಿನ ಬಲೆಯಲ್ಲಿ ಇದನ್ನು ಹುಡುಕಬೇಡಿ, ಆ ವಾಸನೆಗೆ ಇದು ಬರುವುದಿಲ್ಲ.

ಕೊಳೆತ ಬಾಳೆಹಣ್ಣಿನ ಸುತ್ತ ಹಾರುವ ಕೆಂಪು ಕಣ್ಣಿನ ಪುಟಾಣಿಗಳು ಡ್ರೊಸೊಫಿಲಾ. ಅವುಗಳ ಮನೆತನವೇ ಬೇರೆ. ಮಾವಿನ ಊಜಿಯ ಅರ್ಧದಷ್ಟೂ ಇರುವುದಿಲ್ಲ.

ಗುರುತು ಸಿಗದವನ್ನು ಸ್ಪಿರಿಟ್ ತುಂಬಿದ ಸಣ್ಣ ಸೀಸೆಗೆ ಹಾಕಿಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಕೀಟ ಗುರುತಿಸುವುದೇ ಅಲ್ಲಿನವರ ಕಸುಬು. ಊರು, ಬೆಳೆ, ತಾರೀಕು, ಬಲೆಯ ಮದ್ದು ಇಷ್ಟನ್ನೂ ಚೀಟಿಯಲ್ಲಿ ಬರೆದು ಸೀಸೆಯೊಳಗೇ ಹಾಕಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.